ಗಾಡಿ ಓಡಿಸುವವರ ಕೈಯಲ್ಲಿ ಮೊಬೈಲ್

(ಸಂಘದ ವಾರ್ಷಿಕ ಸಭೆಯ ಅಂಗವಾಗಿ ನಡೆದ ವಿದ್ಯಾರ್ಥಿ-ಪೋಷಕರ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿಯವರು ನನಗೆ ಕೊಟ್ಟ ವಿಷಯ ‘ಮೊಬೈಲಿನ ಉಪಯೋಗ ಮತ್ತು ದುರುಪಯೋಗ’. ಈ ವಿಷಯದ ಮೇಲೆ ನಮ್ಮ ಎಂಟನೇ ತರಗತಿಯ ಮಕ್ಕಳು ಪ್ರತಿ ವರ್ಷ ಪ್ರಬಂಧ ಬರೆಯುತ್ತಾರೆ. ನಾನೇ ತಿದ್ದಿ ಹತ್ತಕ್ಕೆ ಏಳು ಅಂಕ ಕೊಡುತ್ತೇನೆ. ಅದನ್ನೇ ಇಲ್ಲಿ ಮತ್ತೊಮ್ಮೆ ಓದಿ ಹೇಳಿದರೆ ನಿಮ್ಮ ಸಮಯವೂ ಹಾಳು, ನನ್ನದೂ ಹಾಳು. ಆದ್ದರಿಂದ ಅವರ ಕ್ಷಮೆ ಕೋರಿ, ಆ ದೊಡ್ಡ ವಿಷಯದ ಒಂದು ಸಣ್ಣ ತುಂಡನ್ನು ಮಾತ್ರ ಎತ್ತಿಕೊಳ್ಳುತ್ತೇನೆ. ಅದು ಗಾಡಿ ಓಡಿಸುವವರ ಕೈಯಲ್ಲಿರುವ ಮೊಬೈಲು.

ಇದನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ನಮ್ಮ ಶಾಲೆಯ ದಾಖಲಾತಿ ಪುಸ್ತಕದಲ್ಲಿ ‘ತಂದೆಯ ಉದ್ಯೋಗ’ ಎಂಬ ಕಲಮನ್ನು ನೋಡಿ. ಲಾರಿ ಡ್ರೈವರ್, ಆಟೋ ಡ್ರೈವರ್, ಟೆಂಪೋ, ಟ್ಯಾಕ್ಸಿ, ಕ್ಲೀನರ್. ಗಾಡಿಯ ಚಕ್ರ ತಿರುಗಿದರೆ ಮಾತ್ರ ಒಲೆ ಉರಿಯುವ ಮನೆಗಳು ನಮ್ಮಲ್ಲಿ ಬಹಳ. ಪತ್ರಿಕೆಯಲ್ಲಿ ಅಪಘಾತದ ಸುದ್ದಿ ಬಂದಾಗ ‘ಚಾಲಕನ ಅಜಾಗರೂಕತೆ’ ಎಂದು ಓದಿ ಪುಟ ತಿರುಗಿಸುವವರು ಇರಬಹುದು. ನಮಗೆ ಆ ಚಾಲಕ ಎಂದರೆ ನಮ್ಮ ಅಬ್ಬಾ, ನಮ್ಮ ಮಾಮು, ನಮ್ಮ ಭಾಯಿ. ಹಾಗಾಗಿ ಇದು ನಮ್ಮ ಮನೆಯ ಮಾತು.

ಇನ್ನೊಂದು ಕಾರಣವೂ ಇದೆ. ಅದನ್ನು ಹೇಳಲು ಸಂಬಂಧಪಟ್ಟವರ ಅನುಮತಿ ಕೇಳಿದ್ದೇನೆ. ಹೆಸರು, ಊರು ಹೇಳುವುದಿಲ್ಲ, ದಯವಿಟ್ಟು ಯಾರೂ ಊಹೆ ಮಾಡಬೇಡಿ.

2023ರ ಜನವರಿ. ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆ ಹತ್ತಿರ ಬಂದಿತ್ತು. ಹತ್ತನೇ ತರಗತಿಯ ಒಬ್ಬ ಹುಡುಗ ನಾಲ್ಕು ದಿನದಿಂದ ಶಾಲೆಗೆ ಬಂದಿರಲಿಲ್ಲ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನನಗೆ ಒಂದು ಪೀರಿಯಡ್ ಬಿಡುವಿತ್ತು. ಸ್ಟಾಫ್ ರೂಮಿನಲ್ಲಿ ಕುಳಿತು ಅವನ ತಂದೆಗೆ ಫೋನ್ ಮಾಡಿದೆ. ಅವರು ಸರಕು ಸಾಗಿಸುವ ಸಣ್ಣ ಗಾಡಿ ಓಡಿಸುತ್ತಾರೆ. ಅಂದು ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹಾಕಿಕೊಂಡು ಹೊರಟಿದ್ದರು. ಎರಡನೇ ರಿಂಗಿಗೇ ಎತ್ತಿದರು. “ಬೋಲಿಯೇ ಸರ್” ಎಂದರು. ಎಂಜಿನ್ನಿನ ಸದ್ದು ನನಗೆ ಚೆನ್ನಾಗಿ ಕೇಳಿಸುತ್ತಿತ್ತು. ಹಾರ್ನ್ ಕೇಳಿಸುತ್ತಿತ್ತು. ಅವರು ಗಾಡಿ ಓಡಿಸುತ್ತಿದ್ದಾರೆ ಎಂಬುದು ನನಗೆ ಗೊತ್ತಾಗಿತ್ತು. ಆದರೂ ನಾನು ನಿಲ್ಲಿಸಲಿಲ್ಲ. ಹುಡುಗನ ಹಾಜರಾತಿ, ಗಣಿತದ ಅಂಕ, ಮನೆಯವರ ನಿರ್ಲಕ್ಷ್ಯ ಎಂದು ಒಂದೇ ಸಮನೆ ಬೈಯುತ್ತಾ ಹೋದೆ. ಅವರು “ಹೌದು ಸರ್, ಆಯಿತು ಸರ್” ಎನ್ನುತ್ತಿದ್ದರು. ಆಮೇಲೆ ಒಂದು ಸದ್ದು ಬಂತು. ಆ ಸದ್ದನ್ನು ನಾನು ವರ್ಣಿಸುವುದಿಲ್ಲ. ಲೈನ್ ಕಟ್ ಆಗಿರಲಿಲ್ಲ. ಯಾರೋ ಓಡಿ ಬಂದದ್ದು, ಕೂಗಿದ್ದು ಎಲ್ಲವೂ ನನ್ನ ಕಿವಿಗೆ ಬಿತ್ತು. ನನ್ನ ಮೊಬೈಲಿನಲ್ಲಿ ಆ ಕರೆಯ ಅವಧಿ ಎರಡು ನಿಮಿಷ ಐವತ್ತು ಸೆಕೆಂಡು ಎಂದು ದಾಖಲಾಗಿತ್ತು. ಬಹಳ ದಿನ ಅದನ್ನು ಅಳಿಸಲು ನನ್ನ ಕೈ ಏಳಲಿಲ್ಲ.

ರಸ್ತೆಯ ಬದಿಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ನಿಂತಿತ್ತು. ಅದರ ಹಿಂಬದಿಗೆ ಗಾಡಿ ಹೊಡೆದಿತ್ತು. ಹಗಲು ಹೊತ್ತು, ಮಂಜಿಲ್ಲ, ಮಳೆಯಿಲ್ಲ, ನೇರವಾದ ರಸ್ತೆ. ಅಲ್ಲಾಹನ ಕೃಪೆಯಿಂದ ಜೀವ ಉಳಿಯಿತು. ಬಲ ಮೊಣಕಾಲು ಪುಡಿಯಾಗಿ ಹುಬ್ಬಳ್ಳಿಯಲ್ಲಿ ಎರಡು ಆಪರೇಷನ್ ಆದವು, ರಾಡು ಹಾಕಿದರು. ಒಂದು ವರ್ಷಕ್ಕೂ ಹೆಚ್ಚು ಕಾಲ ಅವರು ಸ್ಟೇರಿಂಗ್ ಮುಟ್ಟಲಿಲ್ಲ. ಗಾಡಿಯ ಸಾಲದ ಕಂತು ನಿಲ್ಲುವುದಿಲ್ಲವಲ್ಲ. ಹುಡುಗ ಗ್ಯಾರೇಜಿಗೆ ಸೇರಿಕೊಂಡ. ಯಾವ ಹುಡುಗ ಶಾಲೆಗೆ ಬರಲಿ ಎಂದು ನಾನು ಫೋನ್ ಮಾಡಿದ್ದೆನೋ ಅವನು ಆ ಫೋನಿನಿಂದಾಗಿಯೇ ಶಾಲೆ ಬಿಟ್ಟ. 2024ರಲ್ಲಿ ಮತ್ತೆ ಪರೀಕ್ಷೆ ಕಟ್ಟಿ ಪಾಸಾದ, ಅಲ್‌ಹಮ್ದುಲಿಲ್ಲಾಹ್. ಆದರೆ ಕಾಲೇಜಿಗೆ ಹೋಗಲಿಲ್ಲ.

ಆಸ್ಪತ್ರೆಗೆ ನೋಡಲು ಹೋದಾಗ ನಾನು ಕೇಳಿದೆ: “ಭಾಯಿ, ಗಾಡಿ ಓಡಿಸುತ್ತಿದ್ದಿರಿ, ಯಾಕೆ ಎತ್ತಿದಿರಿ?” ಅವರು ಹೇಳಿದ್ದು ಇಷ್ಟೇ: “ಆಪ್ಕಾ ಫೋನ್ ಥಾ ಸರ್, ಕೈಸಾ ನಕ್ಕೋ ಬೋಲ್ನಾ?” ಮಾಸ್ತರರ ಫೋನು, ಎತ್ತದಿದ್ದರೆ ಬೇಅದಬಿ ಎಂದು ಅವರು ಭಾವಿಸಿದ್ದರು. ಪೊಲೀಸರ ಮುಂದೆಯೂ ಅವರು ಫೋನಿನ ವಿಷಯ ಎತ್ತಲಿಲ್ಲ. ಅತಿವೇಗ, ಅಜಾಗರೂಕತೆ ಎಂದು ದಾಖಲಾಯಿತು. ನನ್ನ ಹೆಸರು ಎಲ್ಲಿಯೂ ಬರಲಿಲ್ಲ.

ಇನ್ನೊಂದು ಮಾತನ್ನೂ ಅವರು ಅಂದು ಹೇಳಿದರು. “ಟ್ರೇಲರ್ ಕಣ್ಣಿಗೆ ಕಂಡಿತ್ತು ಸರ್, ತಲೆಗೆ ಬರಲಿಲ್ಲ.” ನೋವಿನಲ್ಲಿ ಏನೋ ಹೇಳುತ್ತಿದ್ದಾರೆ ಎಂದುಕೊಂಡಿದ್ದೆ. ಆಮೇಲೆ ಈ ಬಗ್ಗೆ ಓದಲು ಶುರು ಮಾಡಿದಾಗ, ವಿಜ್ಞಾನಿಗಳು ವರ್ಷಗಟ್ಟಲೆ ಪ್ರಯೋಗ ಮಾಡಿ ಕಂಡುಕೊಂಡದ್ದು ಇದನ್ನೇ ಎಂದು ತಿಳಿಯಿತು. ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ಮತ್ತು ಅವರ ಸಂಗಡಿಗರು, ಗಾಡಿ ಓಡಿಸಿದಂತೆ ಅನುಭವ ಕೊಡುವ ಯಂತ್ರದಲ್ಲಿ ಜನರನ್ನು ಕೂರಿಸಿ ಪರೀಕ್ಷೆ ಮಾಡಿದರು. ಫೋನಿನಲ್ಲಿ ಮಾತನಾಡುತ್ತಿದ್ದವರ ಕಣ್ಣು ವಸ್ತುವಿನ ಮೇಲೆಯೇ ಇರುತ್ತಿತ್ತು, ಆದರೆ ಅದನ್ನು ನೋಡಿದ ನೆನಪು ಅವರಿಗೆ ಇರುತ್ತಿರಲಿಲ್ಲ. ಕಣ್ಣು ತೆರೆದ ಕುರುಡು ಎನ್ನಬಹುದು. ಇದೇ ತಂಡ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಫೋನಿನಲ್ಲಿ ಮಾತನಾಡುವ ಚಾಲಕರನ್ನು ಕುಡಿದ ಚಾಲಕರೊಂದಿಗೆ ಹೋಲಿಸಿತು. ಅಪಾಯದಲ್ಲಿ ಇಬ್ಬರಿಗೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಇಲ್ಲಿ ಸ್ವಲ್ಪ ನಿಲ್ಲೋಣ. ಶರಾಬು ಹರಾಮ್ ಎಂದು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ, ಅವರಿಗೆ ಗೊತ್ತು. ಕುಡಿದು ಗಾಡಿ ಓಡಿಸುವವನನ್ನು ಕಂಡರೆ ನಾವು “ತೌಬಾ ತೌಬಾ” ಎನ್ನುತ್ತೇವೆ. ಆದರೆ ಜೀವನದಲ್ಲಿ ಒಂದು ಹನಿ ಮುಟ್ಟದ ಐದು ಹೊತ್ತಿನ ನಮಾಝಿ, ಕಿವಿಗೆ ಫೋನ್ ಒತ್ತಿಕೊಂಡು ಬೈಕ್ ಓಡಿಸುವಾಗ ಅದೇ ಸ್ಥಿತಿಯಲ್ಲಿ ಇರುತ್ತಾನೆ ಎಂದರೆ ಯಾರಿಗೂ ನಂಬಿಕೆ ಬರುವುದಿಲ್ಲ.

ಕೆಲವರು ಹೇಳುತ್ತಾರೆ, “ನಾನು ಇಯರ್‌ಫೋನ್ ಹಾಕಿಕೊಳ್ಳುತ್ತೇನೆ, ಎರಡೂ ಕೈ ಹ್ಯಾಂಡಲ್ ಮೇಲೆಯೇ ಇರುತ್ತವೆ.” ನಮ್ಮ ಸಹೋದರಿಯರಲ್ಲಿ ಕೆಲವರು ಹಿಜಾಬಿನೊಳಗೆ ಫೋನ್ ಸಿಕ್ಕಿಸಿಕೊಂಡು ಸ್ಕೂಟಿ ಓಡಿಸುತ್ತಾರೆ. ಗಂಡಸರು ಹೆಲ್ಮೆಟ್ಟಿನೊಳಗೆ ತುರುಕುತ್ತಾರೆ, ಹೆಲ್ಮೆಟ್ ಇದ್ದರೆ. ಇಲ್ಲದವರು ಕತ್ತು ಓರೆ ಮಾಡಿ ಭುಜಕ್ಕೆ ಒತ್ತಿಕೊಂಡು ಹೋಗುತ್ತಾರೆ, ಊರೆಲ್ಲ ಕುತ್ತಿಗೆ ನೋವಿನ ರೋಗಿಗಳಂತೆ. ಕೈ ಖಾಲಿಯಾದರೆ ಸಾಕೇ? 1997ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ, ಕೆನಡಾದ ಟೊರೊಂಟೊ ನಗರದಲ್ಲಿ ಅಪಘಾತ ಮಾಡಿಕೊಂಡ, ಕಾರಿನಲ್ಲಿ ಮೊಬೈಲ್ ಇದ್ದ 699 ಚಾಲಕರ ಫೋನ್ ಬಿಲ್ಲುಗಳನ್ನು ತೆಗೆದು ಇಬ್ಬರು ಸಂಶೋಧಕರು ಪರಿಶೀಲಿಸಿದರು. ಫೋನ್ ಬಳಸುವಾಗ ಅಪಘಾತದ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚು ಎಂದು ಕಂಡುಬಂತು. ಕೈಯಲ್ಲಿ ಹಿಡಿಯದೆ ಮಾತನಾಡಿದವರಿಗೆ ವಿಶೇಷ ರಕ್ಷಣೆಯೇನೂ ಸಿಕ್ಕಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇಂದಿಗೂ ಇದೇ ನಾಲ್ಕು ಪಟ್ಟಿನ ಮಾತನ್ನು ಹೇಳುತ್ತದೆ.

ಹಾಗಾದರೆ ಪಕ್ಕದಲ್ಲಿ ಕುಳಿತವರ ಜೊತೆ ಮಾತನಾಡುವುದಿಲ್ಲವೇ ಎಂದು ಒಬ್ಬ ವಿದ್ಯಾರ್ಥಿ ನನ್ನನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಪಕ್ಕದಲ್ಲಿ ಕುಳಿತವನಿಗೆ ರಸ್ತೆ ಕಾಣುತ್ತದೆ. ಎಮ್ಮೆ ಅಡ್ಡ ಬಂದರೆ ಅವನು ತಾನಾಗಿಯೇ ಬಾಯಿ ಮುಚ್ಚುತ್ತಾನೆ, ಇಲ್ಲವೇ “ಅರೇ ನೋಡು” ಎನ್ನುತ್ತಾನೆ. ಫೋನಿನ ಆಚೆ ಇರುವವನಿಗೆ ಎಮ್ಮೆಯೂ ಕಾಣುವುದಿಲ್ಲ, ಟ್ರೇಲರೂ ಕಾಣುವುದಿಲ್ಲ. ಅವನು ಸ್ಟಾಫ್ ರೂಮಿನ ಕುರ್ಚಿಯಲ್ಲಿ ಕುಳಿತು ಮಾತು ಮುಂದುವರಿಸುತ್ತಾನೆ.

ಮಾತಿಗಿಂತ ದೊಡ್ಡ ಅಪಾಯ ಪರದೆಯನ್ನು ನೋಡುವುದು. ಗಂಟೆಗೆ 60 ಕಿ.ಮೀ. ಎಂದರೆ ನಿಮಿಷಕ್ಕೆ ಒಂದು ಕಿ.ಮೀ., ಸೆಕೆಂಡಿಗೆ ಸುಮಾರು 17 ಮೀಟರ್. ಯಾರ ಮೆಸೇಜ್ ಬಂತು ಎಂದು ಮೂರು ಸೆಕೆಂಡು ತಲೆ ತಗ್ಗಿಸಿದರೆ 50 ಮೀಟರ್ ಕಣ್ಣು ಕಟ್ಟಿಕೊಂಡು ಓಡಿಸಿದ ಹಾಗೆ. ಇದನ್ನು ಬೋರ್ಡಿನ ಮೇಲೆ ಬರೆದರೆ ಮಕ್ಕಳು ಲೆಕ್ಕ ಎಂದು ಮರೆಯುತ್ತಾರೆ. ಅದಕ್ಕೆ ಒಂದು ಶನಿವಾರ ಟೇಪ್ ಹಿಡಿದು ಶಾಲೆಯ ಗೇಟಿನಿಂದ ರಸ್ತೆಯುದ್ದಕ್ಕೂ ಅಳೆದೆವು. 50 ಮೀಟರ್ ಮುಗಿದದ್ದು ತಿರುವಿನ ಹಾಲಿನ ಡೇರಿಯ ಮುಂದೆ. ನಡುವೆ ಏನೇನಿದೆ ಎಂದು ಮಕ್ಕಳೇ ಬರೆದುಕೊಂಡರು: ಒಂದು ಅಂಗನವಾಡಿ, ಒಂದು ಬೀದಿ ನಲ್ಲಿ, ಹಗ್ಗ ಕಟ್ಟಿದ ಎರಡು ಮೇಕೆ, ಕಟ್ಟೆಯ ಮೇಲೆ ಒಬ್ಬ ದಾದಿ. ಒಬ್ಬ ಹುಡುಗಿ ತಾನಾಗಿಯೇ ಹೇಳಿದಳು, “ಸರ್, ಅದು ನನ್ನ ದಾದಿ.”

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಯಿತು. ಚಾಲನೆ ಮಾಡುವಾಗ ಫೋನ್ ಹಿಡಿದು ಬಳಸುವುದನ್ನು 184ನೇ ಕಲಮಿನ ಅಪಾಯಕಾರಿ ಚಾಲನೆಯಲ್ಲಿ ಸೇರಿಸಿದರು. ಆ ಕಲಮಿನಲ್ಲಿ ಮೊದಲ ಸಲಕ್ಕೆ ಒಂದು ಸಾವಿರದಿಂದ ಐದು ಸಾವಿರ ರೂಪಾಯಿವರೆಗೆ ದಂಡವಿದೆ, ಜೈಲಿಗೂ ಅವಕಾಶವಿದೆ. ದಾರಿ ನೋಡಲು ಮ್ಯಾಪ್ ಬಳಸಬಹುದು, ಆದರೆ ಗಮನ ಕೆಡದಂತೆ ಎಂದು 2020ರ ಅಕ್ಟೋಬರಿನಿಂದ ಜಾರಿಯಾದ ನಿಯಮ ಹೇಳುತ್ತದೆ. ನಿರ್ಲಕ್ಷ್ಯದಿಂದ ಯಾರಾದರೂ ಸತ್ತರೆ, 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಂತೆ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಹಳೆಯ ಕಾನೂನಿನಲ್ಲಿ ಇದು ಎರಡು ವರ್ಷ ಇತ್ತು.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2021ರಲ್ಲಿ ದೇಶದ ರಸ್ತೆಗಳಲ್ಲಿ 1,53,972 ಜನ ಸತ್ತರು. 2022ರಲ್ಲಿ ಅದು 1,68,491ಕ್ಕೆ ಏರಿತು. 2021ರ ಸಾವುಗಳಲ್ಲಿ ಮೊಬೈಲ್ ಬಳಕೆಯಿಂದ ಆದವು ಎಂದು ದಾಖಲಾಗಿರುವುದು 1,040 ಮಾತ್ರ. ಈ ಅಂಕಿ ನೋಡಿ ಯಾರೂ ಸಮಾಧಾನಪಟ್ಟುಕೊಳ್ಳಬಾರದು. ಕುಡಿದವನ ಬಾಯಿ ನಾರುತ್ತದೆ, ರಕ್ತದಲ್ಲಿ ಗೊತ್ತಾಗುತ್ತದೆ. ಫೋನಿಗೆ ವಾಸನೆಯಿಲ್ಲ. ಡಿಕ್ಕಿಯಾದ ಮೇಲೆ ಅದು ಸೀಟಿನ ಕೆಳಗೆ ಬಿದ್ದಿರುತ್ತದೆ. ನಾನು ಹೇಳಿದ ಅಪಘಾತವೂ ಮೊಬೈಲಿನ ಲೆಕ್ಕಕ್ಕೆ ಸೇರಿಲ್ಲ. ಹೀಗೆ ಸೇರದೆ ಉಳಿದವು ಎಷ್ಟೋ, ವಲ್ಲಾಹು ಆಲಮ್.

ಮಕ್ಕಳನ್ನು ಸಾಗಿಸುವ ಗಾಡಿಗಳ ಬಗ್ಗೆ ಒಂದು ಮಾತು. 2018ರ ಏಪ್ರಿಲ್ 26ರಂದು ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯಲ್ಲಿ ಕಾವಲಿಲ್ಲದ ರೈಲ್ವೆ ಗೇಟಿನಲ್ಲಿ ಶಾಲಾ ವ್ಯಾನಿಗೆ ರೈಲು ಬಡಿದು 13 ಮಕ್ಕಳು ತೀರಿಹೋದರು. ಚಾಲಕ ಇಯರ್‌ಫೋನ್ ಹಾಕಿಕೊಂಡಿದ್ದ ಎಂದು ಆಗ ವರದಿಯಾಗಿತ್ತು. ಅಂತಹ ಕಾವಲಿಲ್ಲದ ಗೇಟುಗಳನ್ನು ಬ್ರಾಡ್‌ಗೇಜ್ ಹಳಿಗಳಲ್ಲಿ 2019ರ ಜನವರಿ ಹೊತ್ತಿಗೆ ಇಲ್ಲವಾಗಿಸಿದರು. ಇಯರ್‌ಫೋನು ಮಾತ್ರ ಇದೆ. ನಮ್ಮ ಊರಿನ ಶಾಲಾ ಆಟೋಗಳಲ್ಲಿ ನಾಳೆ ಬೆಳಿಗ್ಗೆ ನೋಡಿ.

ಈಗ ಮುಖ್ಯ ಪ್ರಶ್ನೆಗೆ ಬರೋಣ. ಅಪಾಯ ಎಂದು ಗೊತ್ತಿದ್ದೂ ನಾವು ಯಾಕೆ ಫೋನ್ ಬಿಡುವುದಿಲ್ಲ? ಇದು ಹೀಗೆಯೇ ಇರಲಿಲ್ಲ. ನಮ್ಮ ದೇಶದಲ್ಲಿ ಮೊದಲ ಮೊಬೈಲ್ ಕರೆ ಆದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ಮುಖ್ಯಮಂತ್ರಿ ಜ್ಯೋತಿ ಬಸು ದೆಹಲಿಯಲ್ಲಿದ್ದ ಸಚಿವ ಸುಖ್‌ರಾಮ್ ಅವರೊಂದಿಗೆ ಮಾತನಾಡಿದಾಗ. ಆಗ ಬಂದ ಕರೆಗೂ ಹಣ ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು, ನಮ್ಮ ಬಾಲ್ಯದ ಮಿಸ್ಡ್ ಕಾಲ್ ಯುಗ ಆರಂಭವಾಯಿತು. ಎರಡು ಮಿಸ್ಡ್ ಕಾಲ್ ಎಂದರೆ “ಊಟಕ್ಕೆ ಬಾ”, ಒಂದು ಎಂದರೆ “ಮನೆ ತಲುಪಿದೆ”. 2016ರ ನಂತರ ಇಂಟರ್ನೆಟ್ ಅಗ್ಗವಾಗಿ, ದಿನವಿಡೀ ಪರದೆ ಬೆಳಗುವಂತಾಯಿತು.

ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಹೆಸರು ಬಿ.ಎಡ್. ಓದಿದವರಿಗೆಲ್ಲ ಪರಿಚಿತ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿರುತ್ತೇವೆ. ಪಾರಿವಾಳ ಗುಂಡಿಯನ್ನು ಕುಕ್ಕಿದಾಗಲೆಲ್ಲ ಕಾಳು ಬಿದ್ದರೆ, ಕಾಳು ನಿಂತ ಕೂಡಲೇ ಅದು ಕುಕ್ಕುವುದನ್ನು ಬೇಗ ಬಿಡುತ್ತದೆ. ಆದರೆ ಯಾವಾಗ ಕಾಳು ಬೀಳುತ್ತದೋ ಗೊತ್ತಿಲ್ಲದಂತೆ ಮಾಡಿದರೆ, ಬಿಡದೆ ಕುಕ್ಕುತ್ತಲೇ ಇರುತ್ತದೆ. ಮೊಬೈಲಿನ ‘ಟಿಣ್’ ಎಂಬ ಸದ್ದು ಅದೇ ಕಾಳು. ನೂರರಲ್ಲಿ ತೊಂಬತ್ತು ಸಲ ಅದು ಯಾರೋ ಕಳಿಸಿದ ಗುಲಾಬಿ ಹೂವಿನ ಶುಭೋದಯ. ಒಂದು ಸಲ ನಿಜವಾಗಿ ಬೇಕಾದ ಸುದ್ದಿ. ಆ ಒಂದಕ್ಕಾಗಿ ನಾವು ನೂರು ಸಲ ಕುಕ್ಕುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಗೀಳಿಗಾಗಿಯೇ 2014ರಲ್ಲಿ ‘ಶಟ್’ ಎಂಬ ಚಿಕಿತ್ಸಾ ವಿಭಾಗ ತೆರೆದರು. ವಿಶ್ವ ಆರೋಗ್ಯ ಸಂಸ್ಥೆಯು ಗೇಮ್ ಆಡುವ ಚಟವನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು 2022ರಿಂದ ಜಾರಿಯಲ್ಲಿದೆ. ಮೊಬೈಲ್ ಗೀಳು ಎಂಬ ಹೆಸರಿನ ರೋಗ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಎಲ್ಲರನ್ನೂ ರೋಗಿಗಳು ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಮನೆಯಲ್ಲಿ ಕುಳಿತು ಒಂದು ಗಂಟೆ ಹಾಳು ಮಾಡಿದರೆ ಒಂದು ಗಂಟೆ ಹೋಯಿತು. ರಸ್ತೆಯಲ್ಲಿ ಹಾಗಲ್ಲ.

ಬಿಡಲು ಆಗುವುದಿಲ್ಲ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ಮಸೀದಿಯ ಬಾಗಿಲಲ್ಲಿ ಉರ್ದು, ಕನ್ನಡ ಎರಡರಲ್ಲೂ ‘ಮೊಬೈಲ್ ಬಂದ್ ಮಾಡಿ’ ಎಂದು ಬರೆದಿದೆ. ಜುಮಾ ಖುತ್ಬಾ ಮತ್ತು ನಮಾಝ್ ಸೇರಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ನೂರಾರು ಜನ ಫೋನ್ ಮುಟ್ಟುವುದಿಲ್ಲ, ಯಾರ ವ್ಯಾಪಾರವೂ ಮುಳುಗಿಲ್ಲ. ದುಬೈಯಿಂದ ರಜೆಗೆ ಬರುವ ನಮ್ಮ ಹುಡುಗರನ್ನು ನೋಡಿ. ಅಲ್ಲಿ ಫೋನ್ ಹಿಡಿದು ಕಾರು ಓಡಿಸಿದರೆ 800 ದಿರ್ಹಮ್ ದಂಡ, ಜೊತೆಗೆ ನಾಲ್ಕು ಕಪ್ಪು ಅಂಕ. ಅಲ್ಲಿ ಅದನ್ನು ಮುಟ್ಟದವರು ಇಲ್ಲಿ ಇಳಿದ ಮರುದಿನವೇ ಒಂದು ಕೈಯಲ್ಲಿ ಬೈಕ್, ಒಂದು ಕೈಯಲ್ಲಿ ಫೋನ್! ಅಂದರೆ ಬಿಡಲು ಬರುತ್ತದೆ, ಇಲ್ಲಿ ಬಿಡಬೇಕೆಂದು ಅನಿಸುವುದಿಲ್ಲ.

ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದೂ ಈಮಾನಿನ ಒಂದು ಅಂಗ ಎಂದು ನಾವು ಮದ್ರಸಾದ ಮೊದಲ ವರ್ಷದಲ್ಲೇ ಕಲಿತಿದ್ದೇವೆ. ದಾರಿಗೂ ಹಕ್ಕಿದೆ ಎಂದು ಹದೀಸಿನಿಂದ ತಿಳಿಯುತ್ತದೆ. ಕೈತಪ್ಪಿ ಒಂದು ಜೀವ ಹೋದರೂ ಸತ್ತವರ ಮನೆಯವರಿಗೆ ಪರಿಹಾರ ಕೊಡಬೇಕು, ಪ್ರಾಯಶ್ಚಿತ್ತ ಮಾಡಬೇಕು ಎಂಬುದು ಸೂರಃ ನಿಸಾದಲ್ಲಿದೆ. ಗುಲಾಮರನ್ನು ಬಿಡುಗಡೆ ಮಾಡಲು ಆಗದವರಿಗೆ ಆ ಪ್ರಾಯಶ್ಚಿತ್ತ ಸತತ ಎರಡು ತಿಂಗಳ ರೋಝಾ. ಚಾಲಕನ ತಪ್ಪಿನಿಂದ ಸಾವಾದರೆ ಇದು ಅನ್ವಯಿಸುತ್ತದೆ ಎಂದು ಹೇಳುವ ಉಲಮಾಗಳಿದ್ದಾರೆ. ವೇದಿಕೆಯಲ್ಲಿರುವ ಹಝ್ರತರು ಇದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ನಮ್ಮ ಎಷ್ಟು ಜನ ಚಾಲಕ ಸಹೋದರರಿಗೆ ಇದು ಗೊತ್ತಿದೆ? ಇನ್ಶೂರೆನ್ಸ್ ಕೊಟ್ಟರೆ ಮುಗಿಯಿತು ಎಂದುಕೊಂಡಿರುತ್ತೇವೆ.

ಇಷ್ಟೆಲ್ಲ ಹೇಳಿದರೂ ತಪ್ಪನ್ನು ಚಾಲಕನ ತಲೆಗೇ ಕಟ್ಟಿ ಮನೆಗೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಲಾರಿ ಮಾಲೀಕರು ಗಂಟೆಗೊಮ್ಮೆ “ಎಲ್ಲಿದ್ದೀಯಾ, ಎಲ್ಲಿಗೆ ಬಂದೆ” ಎನ್ನುತ್ತಾರೆ. ಎತ್ತದಿದ್ದರೆ ಬೈಗುಳ, ಮುಂದಿನ ಲೋಡು ಬೇರೆಯವರಿಗೆ. ಟ್ಯಾಕ್ಸಿ, ಡೆಲಿವರಿ ಮಾಡುವವರಿಗೆ ಕೆಲಸವೇ ಫೋನಿನಲ್ಲಿ ಬರುತ್ತದೆ, ತಡಮಾಡಿದರೆ ಬಾಡಿಗೆ ಹೋಯಿತು. ಮನೆಯವರೂ ಕಡಿಮೆಯಿಲ್ಲ: “ಬರುವಾಗ ಕೊತ್ತಂಬರಿ ತನ್ನಿ.” ಮೂರನೆಯವರು ನಾವು, ಮಾಸ್ತರರು. ನಾವೆಲ್ಲ ಸೇರಿ ಚಾಲಕನ ಕಿವಿಗೆ ಫೋನ್ ಹಿಡಿಸುತ್ತೇವೆ. ‘ಗಾಡಿ ಓಡಿಸುವಾಗ ಫೋನ್ ಎತ್ತಬೇಡಿ’ ಎಂದು ಬೋರ್ಡ್ ಬರೆಯುತ್ತಾರೆ. ‘ಗಾಡಿ ಓಡಿಸುವವರಿಗೆ ಫೋನ್ ಮಾಡಬೇಡಿ’ ಎಂಬ ಬೋರ್ಡನ್ನು ನಾನು ಎಲ್ಲಿಯೂ ನೋಡಿಲ್ಲ.

ಆ ಘಟನೆಯ ನಂತರ ನಾನು ಒಂದು ರೂಢಿ ಮಾಡಿಕೊಂಡಿದ್ದೇನೆ. ಪೋಷಕರು ಫೋನ್ ಎತ್ತಿದ ಕೂಡಲೇ ಸಲಾಮ್ ಹೇಳಿ ಮೊದಲು ಕೇಳುವುದು, “ಗಾಡಿ ಮೇಲಿದ್ದೀರಾ?” ಹೌದು ಎಂದರೆ, ಇಲ್ಲ ಎಂದರೂ ಹಿಂದೆ ಹಾರ್ನ್ ಕೇಳಿಸಿದರೆ, ಇಟ್ಟುಬಿಡುತ್ತೇನೆ. ಮೊದಮೊದಲು ಕೆಲವರು “ಸರ್‌ಗೆ ಸಿಟ್ಟು ಬಂದಿದೆ” ಎಂದು ಹೆದರಿ ಶಾಲೆಗೇ ಬಂದುಬಿಟ್ಟರು. ಒಂದು ರೀತಿಯಲ್ಲಿ ಅದೂ ಒಳ್ಳೆಯದೇ ಆಯಿತು.

ಈಗ ನಮ್ಮ ಶಾಲೆಯ ಮಕ್ಕಳು ನಿಮ್ಮ ಬಳಿ ಒಂದು ಚೀಟಿ ತರುತ್ತಾರೆ. ಅದರಲ್ಲಿ ಮಗುವಿನ ಹೆಸರು, ತರಗತಿ, ಮತ್ತು ಒಂದು ಖಾಲಿ ಜಾಗ ಇದೆ. ತಂದೆಯಾಗಲಿ, ಅಣ್ಣನಾಗಲಿ, ಗಾಡಿ ಓಡಿಸುವವರಾದರೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ರಸ್ತೆಯಲ್ಲಿರುತ್ತಾರೆ ಎಂದು ಬರೆದುಕೊಡಿ. ಬರೆಯಲು ಬಾರದವರಿಗೆ ಮಕ್ಕಳೇ ಬರೆದುಕೊಡುತ್ತಾರೆ. ಹಾಜರಿ ಪುಸ್ತಕದಲ್ಲಿ ಫೋನ್ ನಂಬರಿನ ಪಕ್ಕ ಅದನ್ನು ಕೆಂಪು ಶಾಯಿಯಲ್ಲಿ ಬರೆಯಲು ಮುಖ್ಯೋಪಾಧ್ಯಾಯರು ಒಪ್ಪಿದ್ದಾರೆ. ಆ ಹೊತ್ತಿನಲ್ಲಿ ಶಾಲೆಯಿಂದ ಯಾರೂ ನಿಮಗೆ ಫೋನ್ ಮಾಡುವುದಿಲ್ಲ. ಮನೆಯವರು ಯಾರು ಬೇಗ ಸಿಗುತ್ತಾರೋ ಅವರ ಇನ್ನೊಂದು ನಂಬರನ್ನೂ ಕೆಳಗೆ ಬರೆಯಿರಿ. ಮೊದಲ ಚೀಟಿ ಈಗಾಗಲೇ ಬಂದಿದೆ. ಬೆಳಿಗ್ಗೆ ಐದರಿಂದ ಹನ್ನೊಂದು, ಮಧ್ಯಾಹ್ನ ಮೂರರಿಂದ ಎಂಟು ಎಂದು ಬರೆದಿದೆ. ಬರೆದುಕೊಟ್ಟವರು ನಾನು ಹೇಳಿದ ಅದೇ ಭಾಯಿ. ಅವರ ಕಿರಿಯ ಮಗಳು ಈ ವರ್ಷ ನಮ್ಮ ಆರನೇ ತರಗತಿಗೆ ಸೇರಿದ್ದಾಳೆ.

ಝೊಹರ್ ಅಝಾನಿಗೆ ಹತ್ತು ನಿಮಿಷವಿದೆ. ಚೀಟಿಗಳನ್ನು ಹಿಂದಿನ ಬಾಗಿಲಿನ ಬಳಿ ನಿಂತಿರುವ ಮಕ್ಕಳಿಗೆ ಕೊಡಿ.